ನಡೆದು ಹೋಗುವಷ್ಟು ದೂರದ ಊರು

ನನಗೆ ಬಸ್ಸು ಆಗುವುದಿಲ್ಲ. ಕಾರೂ ಆಗುವುದಿಲ್ಲ. ಜಾಲಹಳ್ಳಿಯಲ್ಲಿ ಹತ್ತಿದ ಬಸ್ಸು ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಬಾಯಲ್ಲಿ ನೀರೂರಲು ಶುರುವಾಗುತ್ತದೆ, ಯಶವಂತಪುರ ಬರುವಷ್ಟರಲ್ಲಿ ಪ್ಲಾಸ್ಟಿಕ್ ಕವರು ಕೈಗೆ ಬಂದಿರುತ್ತದೆ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ಸೀಟಿನ ಮೇಲೆ ಪೇಪರ್ ಹಾಸಿಕೊಂಡು ಕೂತರೆ ವಾಂತಿ ಬರುವುದಿಲ್ಲವೆಂದು ಯಾರೋ ಹೇಳಿದರು, ಅದನ್ನೂ ಮಾಡಿದ್ದಾಯಿತು. ಪೇಪರ್ ಹಾಳಾಯಿತು, ಅಷ್ಟೇ. ಮದುವೆಮನೆಗೆ ಎಲ್ಲರೂ ಮಲ್ಲಿಗೆ ಮುಡಿದು ಘಮಘಮ ಅಂತ ಇಳಿದರೆ, ನಾನು ಮುಖ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳುತ್ತಾ ಇಳಿಯುತ್ತಿದ್ದೆ.

ಹಾಗಾಗಿ ಮನೆಯವರೆಲ್ಲ ಎಲ್ಲಿಗಾದರೂ ಹೊರಟರೆ ಮನೆ ಕಾಯುವವಳು ನಾನು ಎಂಬುದು ತಾನಾಗಿಯೇ ತೀರ್ಮಾನವಾಗಿಬಿಟ್ಟಿತ್ತು. ನೀನು ಬರಬೇಡ ಎಂದು ಯಾರೂ ಹೇಳಲಿಲ್ಲ. ಬರುತ್ತೀಯಾ ಎಂದೂ ಕೇಳಲಿಲ್ಲ. ಊರು ಸುತ್ತುವ ಆಸೆಯೇ ಇಲ್ಲದವಳಾಗಿದ್ದರೆ ಸರಿ, ನನಗೆ ವಿಪರೀತ ಆಸೆ. ಹಂಪಿಗೆ ಹೋಗಿ ಬಂದವರು ಸೆಕೆ, ಕಾಲುನೋವು ಅಂತ ಗೊಣಗುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನೋಡಿ ಬಂದವರಿಗೆ ಗೊಣಗುವ ಸುಖವೂ ಉಂಟು, ನನಗೆ ಅದೂ ಇರಲಿಲ್ಲ.

ನಮ್ಮ ಯಜಮಾನರದು ಪೀಣ್ಯದಲ್ಲಿ ಸಣ್ಣ ಅಂಗಡಿ. ಕಬ್ಬಿಣ ಉಜ್ಜುವ ಗ್ರೈಂಡಿಂಗ್ ವೀಲು, ತೂತು ಕೊರೆಯುವ ಡ್ರಿಲ್ ಬಿಟ್‌ಗಳನ್ನು ಮಾರುತ್ತಿದ್ದರು. ಮಾಲು ಕೊಡುವ ಕಂಪನಿಗಳು ಅಂಗಡಿಯವರನ್ನು ಟೂರ್ ಕರೆದುಕೊಂಡು ಹೋಗುವುದು ಪೀಣ್ಯದಲ್ಲಿ ಮಾಮೂಲಿ. ಗಂಡ ಹೆಂಡತಿ ಇಬ್ಬರಿಗೂ ಅಂತಲೇ ಕರೆಯುತ್ತಾರೆ. ಹೆಂಡತಿ ಬರದಿದ್ದರೆ ಆ ಜಾಗಕ್ಕೆ ಭಾವಮೈದುನನೋ ಸ್ನೇಹಿತನೋ ಹೊರಡುತ್ತಾನೆ. ನನ್ನ ಜಾಗಕ್ಕೆ ಪ್ರತಿ ಸಲವೂ ಪಕ್ಕದ ವೆಲ್ಡಿಂಗ್ ರಾಡ್ ಅಂಗಡಿಯವರು ಹೋಗುತ್ತಿದ್ದರು. ನನ್ನ ಸೀಟಿನಲ್ಲಿ ಕೂತು ಗೋವಾ ನೋಡಿದ ಆಸಾಮಿ, ಊಟಿ ನೋಡಿದ ಆಸಾಮಿ.

ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಆ ಸಲ ಟೂರ್ ಹಡಗಿನಲ್ಲಿ ಎಂದಾಯಿತು. ವಿಮಾನದಲ್ಲಿ ಸಿಂಗಾಪುರ, ಅಲ್ಲಿಂದ ಹಡಗು, ದಾರಿಯಲ್ಲಿ ಮಲೇಷ್ಯಾದ ಎರಡು ಬಂದರು. ರಾಡ್ ಅಂಗಡಿಯವರು ಆಗಲೇ ಪಾಸ್‌ಪೋರ್ಟಿಗೆ ಓಡಾಡುತ್ತಿದ್ದಾರೆ ಎಂದು ಯಜಮಾನರು ಊಟ ಮಾಡುತ್ತಾ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಈ ಸಲ ನನ್ನ ಜಾಗದಲ್ಲಿ ನಾನೇ ಕೂತ್ಕೋತೀನಿ ಕಣ್ರೀ. ವಾಂತಿ ಮಾಡ್ಕೊಂಡಾದ್ರೂ ಬರ್ತೀನಿ," ಅಂದೆ.

ಅವರು ಸಾರನ್ನ ಕಲೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮಾರನೆಯ ದಿನ ಪಕ್ಕದಂಗಡಿಯವರಿಗೆ ಈ ಸಲ ಮನೆಯವಳು ಬರುತ್ತಾಳೆ ಎಂದು ಹೇಳಿಬಿಟ್ಟರಂತೆ. ಆ ಮನುಷ್ಯ ನಾಲ್ಕು ದಿನ ಮಾತು ಬಿಟ್ಟರು.

ಹಡಗು ದೊಡ್ಡದು, ಅಷ್ಟಾಗಿ ಅಲ್ಲಾಡುವುದಿಲ್ಲ ಎಂದು ಎಲ್ಲರೂ ಹೇಳಿದರು. ತೊಂದರೆ ಇದ್ದದ್ದು ಬಂದರುಗಳಲ್ಲಿ. ಹಡಗಿನಿಂದ ಇಳಿದವರನ್ನೆಲ್ಲ ಕಿಟಕಿ ತೆರೆಯದ ಎ.ಸಿ. ಬಸ್ಸಿಗೆ ತುಂಬಿ ದಿನವಿಡೀ ಊರು ಸುತ್ತಿಸುತ್ತಾರಂತೆ. ಬಸ್ಸು ಬಿಟ್ಟು ನಡೆದು ಹೋಗಿ ನೋಡುವಂಥದ್ದು ಏನಾದರೂ ಇದೆಯೇ ಎಂದು ಯಜಮಾನರು ಕಂಪನಿಯ ಹುಡುಗನನ್ನು ಫೋನಿನಲ್ಲಿ ಕೇಳಿದರು. ಅವನು ನಕ್ಕನಂತೆ. ಇವರಿಗೆ ಹಟ ಬಂತು. ಅಂಗಡಿ ಮುಚ್ಚಿ ಬರುವಾಗ ದಿನಾ ಬ್ರೌಸಿಂಗ್ ಸೆಂಟರಿಗೆ ಹೋಗಿ, ಆ ಊರುಗಳ ನಕ್ಷೆ ತೆಗೆಸಿ, ಕಂಪ್ಯೂಟರಿನ ಗಾಜಿಗೆ ದಾರ ಹಿಡಿದು ದೂರ ಅಳೆಯುತ್ತಿದ್ದರು. ಮೊದಲ ಬಂದರು ಕ್ಲಾಂಗ್. ಅಲ್ಲಿ ಹಡಗು ನಿಲ್ಲುವುದು ಒಂದು ಕಡೆ, ನೋಡುವ ಊರು ಇನ್ನೊಂದು ಕಡೆ. ಅದು ನಮಗಲ್ಲ, ಅವತ್ತು ಹಡಗಿನಲ್ಲೇ ಇರೋಣ ಎಂದರು. ಎರಡನೆಯದು ಪೆನಾಂಗ್. ಅದು ಗೊತ್ತಾದ ಸಂಜೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದರು. ಹಡಗು ಊರಿನ ಬುಡದಲ್ಲೇ ನಿಲ್ಲುತ್ತದೆ, ಎದುರಿಗೆ ಗಡಿಯಾರದ ಗೋಪುರ, ಅಲ್ಲಿಂದ ಸ್ವಲ್ಪ ನಡೆದರೆ ನಮ್ಮವರ ಅಂಗಡಿಬೀದಿ, ಅದರಲ್ಲಿ ಮಾರಿಯಮ್ಮನ ಗುಡಿ. ಒಂದು ಚಕ್ರವನ್ನೂ ಹತ್ತಬೇಕಾಗಿಲ್ಲ ಎಂದರು.

ಆಮೇಲೆ ಶುರುವಾಯಿತು ನೋಡಿ ನಮ್ಮ ಅಭ್ಯಾಸ. ಜಾಲಹಳ್ಳಿಯ ಕಾಲೊನಿ ರಸ್ತೆಗಳು ಸಂಜೆ ಹೊತ್ತು ಖಾಲಿ, ಎರಡೂ ಕಡೆ ಮರ. ನಮ್ಮ ಗೇಟೇ ಹಡಗು. ನೀರಿನ ಟ್ಯಾಂಕು ಗಡಿಯಾರದ ಗೋಪುರ. ಅಲ್ಲಿಂದ ಯಾವ ತಿರುವು, ಎಷ್ಟು ದೂರ ಎಂದು ಲೆಕ್ಕ ಹಾಕಿ, ಸುತ್ತಿ ಬಳಸಿ ಗಂಗಮ್ಮನ ಗುಡಿಗೆ ಮುಟ್ಟಿಸುತ್ತಿದ್ದರು. ಅದು ಮಾರಿಯಮ್ಮ. ಇಲ್ಲಿ ಎಡಕ್ಕೆ, ಇಲ್ಲಿ ರಸ್ತೆ ದಾಟಬೇಕು, ಇಲ್ಲಿ ನಿಂಗೆ ಸುಸ್ತಾಗುತ್ತೆ, ಎಳನೀರು ಕುಡಿಯೋಣ. ನನಗೆ ಸುಸ್ತೂ ಇಲ್ಲ ಗಿಸ್ತೂ ಇಲ್ಲ ಎಂದು ನಾನು ಜಗಳ ತೆಗೆಯುತ್ತಿದ್ದೆ. ನಾವಿಬ್ಬರೂ ಹುಚ್ಚರೆಂದು ಎದುರುಮನೆಯವರು ಅಂದುಕೊಂಡಿರಬೇಕು. ಮದುವೆಯಾದಾಗಿನಿಂದ ಅವರು ರಸ್ತೆಯಲ್ಲಿ ನನಗಿಂತ ಮುಂದೆಯೇ ನಡೆದವರು. ಆ ಸಂಜೆಗಳಲ್ಲಿ ಪಕ್ಕಪಕ್ಕದಲ್ಲಿ ನಡೆದರು. ಹೋಗದಿದ್ದರೂ ಪರವಾಗಿಲ್ಲ, ಹೀಗೇ ಹೊರಡುತ್ತಲೇ ಇರೋಣ ಎಂದು ಒಂದೆರಡು ಸಲ ನನಗೆ ಅನಿಸಿದ್ದೂ ಉಂಟು.

ಹೊರಟೆವು. ದೇವನಹಳ್ಳಿ ರಸ್ತೆ, ವಿಮಾನ, ಸಿಂಗಾಪುರದಲ್ಲಿ ಬಂದರಿಗೆ ಹೋಗುವ ಬಸ್ಸು, ಮೂರರಲ್ಲೂ ನನ್ನ ಮರ್ಯಾದೆ ಹೋಯಿತು. ಜೊತೆಗಿದ್ದ ಹೆಂಗಸರು ಮೂಗಿಗೆ ಸೆರಗು ಹಿಡಿದರು. ಹಿಡಿದುಕೊಳ್ಳಲಿ ಬಿಡಿ ಅಂದುಕೊಂಡೆ.

ಹಡಗು ಹತ್ತಿದೆವು. ಬಂದರು ಬಿಟ್ಟು ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ತೂಗತೊಡಗಿತು. ನಾನು ಕವರು ಹಿಡಿದು ಕಾದೆ. ಬರಲಿಲ್ಲ. ಬದಲಿಗೆ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ಉಂಡೆ. ತಲೆಯೆತ್ತಿ ನೋಡಿದರೆ ಎದುರಿಗೆ ಕೂತಿದ್ದ ಯಜಮಾನರ ಮುಖ ಬಿಳಿಚಿಕೊಂಡಿತ್ತು. ಜೀವಮಾನದಲ್ಲಿ ಒಂದು ಸಲವೂ ಬಸ್ಸಿನಲ್ಲಿ ಓಕರಿಸಿದವರಲ್ಲ. ಇಬ್ಬರ ಯೋಚನೆಯೂ ನನ್ನ ಹೊಟ್ಟೆಯ ಮೇಲೇ ಇತ್ತು, ಅವರದ್ದೂ ಒಂದು ಹೊಟ್ಟೆ ಇದೆ ಎಂದು ಹೊಳೆದೇ ಇರಲಿಲ್ಲ. ಅವತ್ತು ಮಲಗಿದವರು ಮೇಲೇಳಲಿಲ್ಲ. ಕ್ಲಾಂಗ್ ಬಂತು, ಹೋಯಿತು, ಅವರಿಗೆ ಗೊತ್ತೇ ಆಗಲಿಲ್ಲ.

ನಿಂಬೆಹಣ್ಣು ಹೆಚ್ಚಿ ಅವರ ಮೂಗಿಗೆ ಹಿಡಿದು ಕೂತಿದ್ದೆ. ಕಣ್ಣುಮುಚ್ಚಿಕೊಂಡೇ ಕೇಳಿದರು.

"ಇಷ್ಟು ವರ್ಷ ಪ್ರತಿ ಸಲಾನೂ ಹಿಂಗೇ ಆಗ್ತಿತ್ತೇನೇ ನಿಂಗೆ?"

ಹೂಂ ಅಂದೆ.

"ಮನಸ್ಸು ಗಟ್ಟಿ ಮಾಡ್ಕೋ ಅಂತಿದ್ನಲ್ಲೇ ನಾನು."

ಆ ಮಾತಿಗೆ ಕೊಡಬೇಕಾದ ಉತ್ತರಗಳು ವರ್ಷಾನುಗಟ್ಟಲೆ ನನ್ನ ನಾಲಿಗೆಯ ತುದಿಯಲ್ಲಿದ್ದವು. ಹಣೆ ಒರೆಸಿ, ಮಲಗಿ ಸುಮ್ಮನೆ ಅಂದೆ.

ಪೆನಾಂಗಿನಲ್ಲಿ ಹಡಗು ನಿಂತಿತು. ನಮ್ಮ ಗುಂಪಿನವರು ಬಸ್ಸು ಹತ್ತಿ ಹೊರಟುಹೋದರು. ಹಡಗಿನ ಡಾಕ್ಟರು ಕೊಟ್ಟ ಇಂಜೆಕ್ಷನ್ನಿಗೆ ಇವರಿಗೆ ನಿಂತರೆ ತಲೆ ಸುತ್ತು. ನಿಂಗೆ ದಾರಿ ಗೊತ್ತಲ್ಲ, ಹೋಗು ಎಂದರು. ನಿಮ್ಮನ್ನು ಬಿಟ್ಟು ನಾನು ಹೋಗುವವಳಲ್ಲ ಎಂದೆ. ಹಾಗಾದರೆ ರಾಡ್ ಅಂಗಡಿಯವರನ್ನೇ ಕರೆದುಕೊಂಡು ಬರಬೇಕಾಗಿತ್ತು, ಅವರಾದರೂ ನೋಡಿಕೊಂಡು ಬರುತ್ತಿದ್ದರು ಎಂದರು. ನನ್ನನ್ನು ಎಬ್ಬಿಸುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ರೇಷ್ಮೆ ಸೀರೆ ಉಟ್ಟು ಇಳಿದೇಬಿಟ್ಟೆ.

ಗಡಿಯಾರದ ಗೋಪುರ ಬಂತು. ಬರಬೇಕಾದ ಕಡೆಯೇ ಇತ್ತು. ತಿರುಗಿ ನೋಡಿದರೆ ಮೇಲೆ ಹಡಗಿನ ಕಂಬಿ ಹಿಡಿದು ಒಬ್ಬರು ನಿಂತಿದ್ದಾರೆ, ತಲೆಗೆ ಟವೆಲ್ಲು. ಎದ್ದು ಬಂದಿದ್ದರು. ಮನೆಯ ಗೇಟಿನಲ್ಲಿ ನಿಂತು ಹೋಗುವವರನ್ನು ನೋಡುವುದು ಹೇಗಿರುತ್ತದೆಂದು ನನಗೆ ಗೊತ್ತು. ಕಾಲು ಮುಂದೆ ಬರಲಿಲ್ಲ. ಅವರು ದನ ಅಟ್ಟುವ ಹಾಗೆ ಕೈ ಬೀಸಿದರು, ಹೋಗು ಹೋಗು ಎಂದು. ತಿರುವು ದಾಟಿದೆ.

ಅಂಗಡಿಬೀದಿ ಬಂತು. ತಮಿಳು ಹಾಡು, ಬಜ್ಜಿಯ ಎಣ್ಣೆಯ ವಾಸನೆ, ಸಾಲಾಗಿ ಹೂವಿನ ಮಾಲೆ. ಗುಡಿಯ ಮುಂದೆ ನಿಂತೆ. ಸೀರೆಯ ನೆರಿಗೆ ಒಂದೂ ಕೆಟ್ಟಿರಲಿಲ್ಲ. ಮುಡಿದ ಹೂವು ಒದ್ದೆಯಾಗಿರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಒಂದು ಊರಿಗೆ ಮನುಷ್ಯರ ಹಾಗೆ ಬಂದು ಮುಟ್ಟಿದ್ದೆ. ಖುಷಿಗೆ "ನೋಡ್ರೀ," ಎಂದು ಬಾಯಿಂದ ಬಂದೇಬಿಟ್ಟಿತು. ಪಕ್ಕಕ್ಕೆ ತಿರುಗಿದರೆ ಹೂ ಮಾರುವವಳೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಒಳಗೆ ಹೋಗಿ ಅಮ್ಮನಿಗೆ ಕೈ ಮುಗಿದು ಅತ್ತೆ. ಏನು ಬೇಡಿಕೊಂಡೆನೋ ನೆನಪಿಲ್ಲ. ಬೇಗ ವಾಪಸು ಬಂದೆ.

ಸಂಜೆ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವರು ಕಣ್ಣುಮುಚ್ಚಿಕೊಂಡು ಕೇಳುತ್ತಿದ್ದರು. ನಾನು ಬಲಕ್ಕೆ ತಿರುಗಿದೆ ಎಂದರೆ, ಅಲ್ಲ, ಅಲ್ಲಿ ಎಡಕ್ಕೆ ತಿರುಗಿರುತ್ತೀಯ ಎಂದು ತಿದ್ದುತ್ತಿದ್ದರು. ಹೌದು, ಎಡಕ್ಕೇ ತಿರುಗಿದ್ದೆ. ಕಾಲಿಡದ ಊರಿನ ಒಂದೊಂದು ಮೂಲೆಯೂ ಅವರಿಗೆ ಬಾಯಿಪಾಠವಾಗಿತ್ತು.

"ಇನ್ನೊಂದ್ಸಲ ಬರೋಣ ಕಣೇ," ಎಂದರು. "ಆವಾಗ ನೀನ್ ಮುಂದೆ ನಡಿ, ನಾನ್ ಹಿಂದೆ ಬರ್ತೀನಿ."

ಬರೋಣ ಬರೋಣ ಎನ್ನುತ್ತಲೇ ಇದ್ದೆವು. ಅಂಗಡಿ, ಮಗಳ ಮದುವೆ, ಅವರ ಸಕ್ಕರೆ ಕಾಯಿಲೆ, ಒಂದಾದ ಮೇಲೊಂದು. ಪೀಣ್ಯಕ್ಕೆ ಮೆಟ್ರೊ ಬಂದ ವರ್ಷ ಅವರು ತೀರಿಕೊಂಡರು.

ಮಗಳು ಈಗ ಪೆನಾಂಗಿಗೆ ವಿಮಾನದಲ್ಲೇ ಹೋಗಬಹುದು, ಕರೆದುಕೊಂಡು ಹೋಗುತ್ತೇನೆ ಬಾ ಅನ್ನುತ್ತಾಳೆ. ವಾಂತಿಗೆ ಹೆದರಿ ಬೇಡ ಅನ್ನುತ್ತಿದ್ದೇನೆ ಎಂದುಕೊಂಡು, ಒಳ್ಳೆಯ ಮಾತ್ರೆಗಳು ಬಂದಿವೆಯಮ್ಮ ಎಂದು ಸಮಾಧಾನ ಮಾಡುತ್ತಾಳೆ. ನಾನು ಆ ಊರು ನೋಡಿಯಾಗಿದೆ ಮಗಳೇ. ನನಗೆ ಅದನ್ನು ಅವರಿಗೆ ತೋರಿಸಬೇಕಾಗಿತ್ತು.