ಮೂರು ಸಲ ಹಿಡಿದ ಕುರ್ತಾ

ಇವತ್ತು ಮುಂಜಾನೆ ಮೊಮ್ಮಗಳು ಸಹನಾಳ ಕಾಲೇಜು ಕುರ್ತಾದ ಹೊಲಿಗೆ ಬಿಚ್ಚಿ ಅಗಲ ಮಾಡಿದೆ. ಮೈ ತುಂಬಿಕೊಳ್ಳುತ್ತಿದ್ದಾಳೆ! ಮಷೀನಿನ ಮುಂದೆ ಒಬ್ಬನೇ ನಗುತ್ತ ಕುಳಿತಿದ್ದೆ. ಬಂದ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದೆ. ಯಾಕೆಂದು ಮಾತ್ರ ಹೇಳಲಿಲ್ಲ.

ನಾನು ಅಕ್ಕಿಆಲೂರಿನಲ್ಲಿ ದರ್ಜಿ. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನು, ಅಳತೆ ಬರೆಯುವುದಷ್ಟೇ ಗೊತ್ತು. ಆದರೂ ಬರೆಯುತ್ತಿದ್ದೇನೆ, ಬೇರೆ ಮನೆಯವರಾದರೂ ನಮಗಿಂತ ಬೇಗ ಎಚ್ಚರಾಗಲಿ ಎಂದು.

ಹೋದ ವರ್ಷ ಈ ಕುರ್ತಾಕ್ಕೆ ಅಳತೆ ತೆಗೆಯುವಾಗ ಅವಳ ಮೈ ನೋಡಿ ಚೇಷ್ಟೆ ಮಾಡಿದ್ದೆ. "ಏನವ್ವಾ, ಪೂರಾ ಥಾನು ಅರಬಿ ನಿನಗಽ ಬೇಕಾಗತೈತೇನು?" ಅವಳೂ ನಕ್ಕಿದ್ದಳು.

ಎರಡು ತಿಂಗಳಿಗೆ ಕುರ್ತಾ ಸಡಿಲಾಯಿತು. ಹಿಡಿದು ಹೊಲಿದೆ. ಮತ್ತೆ ಸಡಿಲಾಯಿತು. ಮತ್ತೆ ಹಿಡಿದೆ. ಮೂರನೆಯ ಸಲ ಫಿಟ್ಟಿಂಗ್ ನೋಡಿ ನನ್ನ ಕೈಗೆ ನಾನೇ ಭೇಷ್ ಅಂದುಕೊಂಡೆ. ಊಟಕ್ಕೆ ಕರೆದರೆ ಗೆಳತಿಯ ಮನೆಯಲ್ಲಾಯಿತು ಎನ್ನುತ್ತಿದ್ದಳು. ಕುಳಿತರೂ ರೊಟ್ಟಿ ಮುರಿದು ಮುರಿದು ತಾಟಿನಂಚಿಗೆ ಸರಿಸುತ್ತಿದ್ದಳು. ಬಿಸಿಲಲ್ಲೂ ಸ್ವೆಟರ್. ಬಾಚಣಿಗೆ ತುಂಬ ಕೂದಲು. ಮುಟ್ಟು ನಿಂತದ್ದು ಅವಳ ತಾಯಿಗೆ, ನನ್ನ ಸೊಸೆಗೆ, ಗೊತ್ತಿತ್ತು. ಪರೀಕ್ಷೆಯ ಚಿಂತೆಗೆ ಇರಬೇಕೆಂದು ಸುಮ್ಮನಿದ್ದಳು.

ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಳು.

ಅಂಗಡಿಯಿಂದ ಹಾಗೆಯೇ ಓಡಿದೆ. ಹಾನಗಲ್ಲಿನ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್, ಇಸಿಜಿ ಆದವು. ಡಾಕ್ಟರಮ್ಮ ಅವಳೊಬ್ಬಳ ಸಂಗಡ ಬಹಳ ಹೊತ್ತು ಮಾತಾಡಿದರು. ಇದು ಈಟಿಂಗ್ ಡಿಸಾರ್ಡರ್, ಹಾವೇರಿಯಲ್ಲಿ ಸೈಕಿಯಾಟ್ರಿಸ್ಟ್‌ಗೆ ತೋರಿಸಿ ಅಂದರು.

"ನಮ್ಮ ಹುಡುಗಿಗೆ ಹುಚ್ಚ ಹಿಡದಿಲ್ರಿ," ಅಂದೆ.

"ಹುಚ್ಚಲ್ರಿ ಅಜ್ಜಾರ, ಜಡ್ಡು. ಉಣ್ಣಾಕ ಅಂಜತಾಳ. ಅರಬಿ ಸಡಿಲಾಗಿದ್ದು ಮನ್ಯಾಗ ಯಾರೂ ನೋಡಿಲ್ಲೇನ್ರಿ?"

"ನಾನಽ ಮೂರು ಸಲ ಹಿಡದೇನ್ರಿ."

"ಮೊದಲನೇ ಸಲಾನಽ ಕರಕೊಂಡು ಬರಬೇಕಿತ್ರಿ."

ಅಳತೆಯ ಟೇಪು ನನ್ನ ಕೊರಳಲ್ಲೇ ಇತ್ತು.

ನನ್ನ ಚೇಷ್ಟೆಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಒಂದು ಮಾತಿಗೆ ಇಂಥ ಜಡ್ಡು ಬರುವುದಿಲ್ಲ, ಆದರೆ ಇನ್ನು ಅವಳ ಮೈ ಬಗ್ಗೆ, ತಾಟಿನ ಬಗ್ಗೆ ಯಾರೂ ಏನೂ ಅನ್ನಬೇಡಿ ಅಂದರು. ಆರೇಳು ತಿಂಗಳಿಂದ ಹಾವೇರಿಗೆ ಕೌನ್ಸೆಲಿಂಗ್‌ಗೆ ಹೋಗಿ ಬರುತ್ತಿದ್ದೇವೆ. ನಡುವೆ ಒಮ್ಮೆ ಮತ್ತೆ ಊಟ ಬಿಟ್ಟಿದ್ದಳು. ಪೂರಾ ಗುಣವಾಯಿತು ಎಂದು ಡಾಕ್ಟರು ಇನ್ನೂ ಹೇಳಿಲ್ಲ. ಇನ್ನೂ ಹೋಗುವುದಿದೆ.

ಇವತ್ತು ಸಂಜೆ ಎಲ್ಲರೂ ಕೂಡಿ ಉಣ್ಣಲು ಕುಳಿತೆವು. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಸಹನಾ ತಾನೇ ಕೈ ಚಾಚಿ ಇನ್ನರ್ಧ ರೊಟ್ಟಿ ಹಾಕಿಕೊಂಡಳು. ಎದ್ದು ಕೂಗಬೇಕು ಅನಿಸಿತು ನನಗೆ. ಹೆಂಡತಿ ಮೊಣಕೈಯಿಂದ ತಿವಿದಳು. ತಲೆ ತಗ್ಗಿಸಿದೆ.

"ಅಜ್ಜಾ, ಒಬ್ಬನಽ ಯಾಕ ನಗಾಕತ್ತಿ? ಸಾರು ಆರಾಕತ್ತೈತಿ, ಉಣ್ಣು."

"ಉಣ್ಣಾಕತ್ತೇನವ್ವಾ," ಅಂದೆ.