ಬಲಗೈ ಕೊಯ್ಸಿಕೊಳ್ಳುವ ಮೊದಲು

ಹುಬ್ಬಳ್ಳಿಯ ಡಾಕ್ಟರು ಹೀಗೆ ಹೇಳಿದ್ದರೋ, ಇಲ್ಲಾ ಮನೆಗೆ ಬಂದು ನಾನೇ ಎಲ್ಲೋ ಓದಿದ್ದನ್ನು ಅವರ ಬಾಯಿಗೆ ಹಾಕಿದ್ದೇನೋ, ಈಗ ಖಾತ್ರಿಯಿಲ್ಲ. ನನ್ನ ಬಲ ಮಣಿಕಟ್ಟಿನಲ್ಲಿ ನರವನ್ನು ಒತ್ತುತ್ತಿರುವ ಅಂಗಾಂಶದ ಪಟ್ಟಿಯನ್ನು ಕತ್ತರಿಸಬೇಕು. ಅದಕ್ಕೆ ಎರಡು ದಾರಿ. ಅಂಗೈ ತೆರೆದು, ನರವನ್ನು ಕಣ್ಣಾರೆ ನೋಡುತ್ತ ಕತ್ತರಿಸುವುದು ಒಂದು. ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸುವುದು ಇನ್ನೊಂದು. ಎರಡನೆಯದರಲ್ಲಿ ಕೈ ಬೇಗ ಕೆಲಸಕ್ಕೆ ಬರುತ್ತದೆ, ಆದರೆ ನರಕ್ಕೆ ಕೆಲಕಾಲ ತೊಂದರೆಯಾಗುವ ಸಂಭವ ತುಸು ಹೆಚ್ಚು. ವರ್ಷ ಕಳೆದರೆ ಎರಡೂ ಹೆಚ್ಚುಕಡಿಮೆ ಒಂದೇ.

"ಮನ್ಯಾಗ ಯಾರ್ಯಾರು ಅದೀರಿ?" ಎಂದು ಅವರು ಕೇಳಿದ್ದು ಮಾತ್ರ ನೆನಪಿದೆ.

"ಒಬ್ಬನ ಅದೇನ್ರಿ."

ಸವಣೂರಿನ ಬಾಡಿಗೆ ಮನೆಯಲ್ಲಿ ಒಂದೇ ಕೈಯಿಂದ ಅನ್ನ ಬಸಿಯುವುದು ಹೇಗೆಂದು ಯೋಚಿಸಿದಾಗ ಕ್ಯಾಮೆರಾ ಸರಿಯೆನಿಸುತ್ತಿತ್ತು. ನರದ ವಿಚಾರ ಓದಿದಾಗ ಅಂಗೈ ತೆರೆಸುವುದೇ ಸರಿಯೆನಿಸುತ್ತಿತ್ತು. ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಮನೆಯಲ್ಲಿ ನನಗೆ ಜೊತೆಯಿದ್ದದ್ದು ಈ ಎರಡು ದಾರಿಗಳೇ.

ಪಕ್ಕದ ಮನೆಯಾಕೆ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವವಳು. ಅದೇ ಬೇನೆಗೆ ಅಂಗೈ ಕೊಯ್ಸಿಕೊಂಡಿದ್ದಳು. ಒಂದು ಮಧ್ಯಾಹ್ನ ಅವಳ ಕಟ್ಟೆಗೆ ಹೋಗಿ, ಯಾವುದು ಒಳ್ಳೆಯದೆಂದು ಕೇಳಿದೆ. ಅವಳು ಒಂದು ಹಿಡಿ ಎಲೆ ನನ್ನ ಬಲಗೈಗೆ ಕೊಟ್ಟಳು.

"ಕಣ್ಣು ಮುಚ್ಚಿ ಎಣಸ್ರಿ, ಸರ. ನಾವು ಹೆಬ್ಬಟ್ಟಿಲೇ ಎಣಸ್ತೀವಿ."

ಒಂದೊಂದೇ ಸರಿಸುತ್ತ ಇಪ್ಪತ್ತರವರೆಗೆ ಎಣಿಸಿದೆ.

"ಕಣ್ಣು ತಗೀರಿ. ಕೈಯಾಗ ಒಂದೂ ಇಲ್ಲ! ಯಾವಾಗೋ ಎಲ್ಲಾ ಬಿದ್ದು ಹೋಗ್ಯಾವ. ಗಾಳಿ ಎಣಸಾಕತ್ತೀರಿ!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ತಿಳೀಲೇ ಇಲ್ಲೇನ್ರಿ? ಯಾವುದರ ಮಾಡಸ್ರಿ, ಆದ್ರ ಲಗೂ ಮಾಡಸ್ರಿ. ನೀವು ಓದಿ ಮುಗಸೂತನಕ ಕೈ ಕಾಯಂಗಿಲ್ಲ."

ಮರುವಾರವೇ ಅಂಗೈ ತೆರೆಸಿಕೊಂಡೆ. ಉರಿ, ಜುಮುಜುಮು ಹೋದವು. ಬೆರಳ ತುದಿಯ ಸ್ಪರ್ಶ ಪೂರ್ತಿ ಮರಳಲಿಲ್ಲ. ಇಂದಿಗೂ ಅಂಗಿಯ ಗುಂಡಿಯನ್ನು ನೋಡಿಯೇ ಹಾಕಿಕೊಳ್ಳುತ್ತೇನೆ.

ಎಲೆಗಳು ಎಲ್ಲವೂ ಬಿದ್ದಿದ್ದವೋ, ನಾಲ್ಕಾರು ಉಳಿದಿದ್ದವೋ, ಈಗ ನೆನಪು ಮಸುಕು; ಕೇಳೋಣವೆಂದರೆ ಆಕೆ ಶಿಗ್ಗಾವಿಯ ಮಗಳ ಮನೆಗೆ ಹೋಗಿ ನೆಲೆಸಿದ್ದಾಳೆ. ನಾನು ತಡ ಮಾಡಿದ್ದರಿಂದಲ್ಲ, ಮೊದಲೇ ನರ ಕೆಟ್ಟಿತ್ತು ಎಂದು ಬಹುಕಾಲ ನಂಬಿಕೊಂಡಿದ್ದೆ. ಕಳೆದ ತಿಂಗಳು ನರದ ಪರೀಕ್ಷೆಯ ಎರಡೂ ವರದಿಗಳನ್ನು ಹುಡುಕಿ ತೆಗೆದೆ. ಹುಬ್ಬಳ್ಳಿಗೆ ಮೊದಲು ಹೋದಾಗಿನದರಲ್ಲಿ ತೊಂದರೆ ಮಧ್ಯಮ ಎಂದಿದೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನದ ಎರಡನೆಯದರಲ್ಲಿ ತೀವ್ರ ಎಂದು. ನಡುವೆ ಏಳು ತಿಂಗಳು.