ಮೂರನೇ ತಿರುವಿನ ಕಾವಲು

ಬೆಳಗಿನ ಏಳೂವರೆ. ಬೆಳಕು ಇನ್ನೂ ಪೂರ್ತಿ ಬಂದಿಲ್ಲ, ಕತ್ತಲೆ ಪೂರ್ತಿ ಹೋಗಿಲ್ಲ. ಹ್ಯಾಂಬರ್ಗಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಒಂದೂವರೆ ಗಂಟೆ, ಸ್ಟೇಷನ್ನಿನಿಂದ ಆರು ಕಿಲೋಮೀಟರ್ ನಡಿಗೆ. ಆಗ ಸಿಗುತ್ತದೆ ಈ ಬಯಲು. ಮರಳು ನೆಲ, ಮೊಣಕಾಲೆತ್ತರದ ಒಣ ಕುರುಚಲು, ಅಲ್ಲಲ್ಲಿ ಯಾರೋ ಕಂಬಳಿ ಹೊದ್ದು ನಿಂತಂತೆ ಕಾಣುವ ಕಪ್ಪು ಗಿಡಗಳು. ಎಲ್ಲದರ ಮೇಲೂ ಹಿಮ. ನಡುವೆ ಒಂದು ಹೊಳೆ ಮಾತ್ರ ಹೆಪ್ಪುಗಟ್ಟದೆ ಹರಿಯುತ್ತಿದೆ. ಮರಳಿನ ಅಡಿಯಿಂದ ಏಳುವ ಒರತೆಯ ನೀರು ಅದು, ಹೊರಗಿನ ಗಾಳಿಗಿಂತ ಬೆಚ್ಚಗೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಂತೆ ಮೇಲೆ ಹಬೆ ಆಡುತ್ತದೆ.

ಆ ಹಬೆಯೊಳಗೆ, ನೀರಿಗೆ ಇಳಿಯದೆ ದಂಡೆಯ ಅಂಚಿನಲ್ಲಿ, ಹೆರಿಯ ಮೊಗವೀರರು ನಿಂತಿದ್ದಾರೆ. ಕೈಯಲ್ಲಿ ಎರಡಾಳುದ್ದದ ಮರದ ಕೋಲು. ಅದರ ಒಂದು ತುದಿ ನೀರಿನ ತಳದ ಕಲ್ಲುಗಳ ಮೇಲಿದೆ, ಇನ್ನೊಂದು ತುದಿ ಅವರ ಬಲಗಿವಿಗೆ ಒತ್ತಿಕೊಂಡಿದೆ. ಕಣ್ಣು ಮುಚ್ಚಿದ್ದಾರೆ. ಮೀಸೆಯ ಮೇಲೆ ಹಿಮದ ಹರಳು ಕಟ್ಟುತ್ತಿದೆ, ಒರೆಸಿಕೊಳ್ಳುವುದಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆ ಬಹಳ ಹೊತ್ತು ಕಾಯುತ್ತೇನೆ.

"ಏನು ಕೇಳ್ತದೆ?" ಅಂತ ಕೊನೆಗೆ ಕೇಳಿದರೆ, ಕಣ್ಣು ಬಿಡದೆಯೇ ಹೇಳುತ್ತಾರೆ, "ಈಗ ಎಂತದೂ ಕೇಂತಿಲ್ಲೆ. ಎಲ್ಲ ಮನಿಕಂಡಿತ್."

ಮಲಗಿರುವುದು ಮೀನಿನ ಮೊಟ್ಟೆಗಳು. ಕಲ್ಲಿನ ಅಡಿಯಲ್ಲಿ, ತಣ್ಣೀರಿನಲ್ಲಿ, ಮಾರ್ಚ್ ಬರುವವರೆಗೆ.

ಹೆರಿಯರಿಗೆ ಈಗ ನಲವತ್ತೇಳು. ಈ ಹೊಳೆಯ ಏಳು ಕಿಲೋಮೀಟರ್ ಉದ್ದಕ್ಕೂ ಕಾವಲುಗಾರರು. ಹೊಳೆಯಲ್ಲಿ ಗಾಳ ಹಾಕುವ ಹಕ್ಕು ಹ್ಯಾಂಬರ್ಗಿನ ಒಂದು ಸಣ್ಣ ಸಂಘದ್ದು; ಮೂವತ್ತೆರಡು ಜನ ಸದಸ್ಯರು. ಚಳಿಗಾಲದಲ್ಲಿ ಬೇರೆ ಹೊಳೆಗಳು ಹೆಪ್ಪುಗಟ್ಟಿ ಕಲ್ಲಾದಾಗ ಅವರೆಲ್ಲ ಇಲ್ಲಿಗೆ ಬರುತ್ತಾರೆ. ಹಿಡಿಯುವುದು ಟ್ರೌಟ್ ಮೀನು. ಹುಳದ ಗಾಳ ಅಲ್ಲ, ನೊಣದ ಗಾಳ: ಅಕ್ಕಿಕಾಳಿನಷ್ಟು ಕೊಕ್ಕೆಗೆ ಉಣ್ಣೆ, ಪುಕ್ಕ ಸುತ್ತಿ ನೀರಿನ ಕೀಟದ ಹಾಗೆ ಮಾಡಿ ತೇಲಿಬಿಡುವುದು. ಪಕ್ಕೆಯಲ್ಲಿ ಕಾಮನಬಿಲ್ಲಿನ ಪಟ್ಟೆ ಇರುವ ಟ್ರೌಟ್ ಸಿಕ್ಕರೆ ಮನೆಗೆ ಒಯ್ಯಬಹುದು. ಕೆಂಪು ಚುಕ್ಕೆಯದು ಸಿಕ್ಕರೆ ಚಳಿಗಾಲ ಮುಗಿಯುವ ತನಕ ವಾಪಸು ನೀರಿಗೇ ಬಿಡಬೇಕು. ಅದು ಬಸುರಿಯ ಕಾಲ.

ದಿನಕ್ಕೆ ಎರಡು ಸಲ, ಹೋಗಿ ಬಂದು, ಹೆರಿಯರು ಇಪ್ಪತ್ತೆಂಟು ಕಿಲೋಮೀಟರ್ ನಡೆಯುತ್ತಾರೆ. ಬಿದ್ದ ಕೊಂಬೆ ಎತ್ತುತ್ತಾರೆ, ನೀರಿನ ಬಿಸಿ ನೋಡುತ್ತಾರೆ, ಗಾಳ ಹಾಕುವವರ ಪರವಾನಗಿ ಚೀಟಿ ತಪಾಸಣೆ ಮಾಡುತ್ತಾರೆ. ಗಾಳದ ಕಡ್ಡಿಯ ಉಂಗುರಗಳಲ್ಲಿ ಮಂಜು ಕಟ್ಟಿ ದಾರ ಓಡದಿದ್ದರೆ ಉಂಗುರವನ್ನು ಬಾಯಲ್ಲಿಟ್ಟು ಕರಗಿಸಿಕೊಡುವುದೂ ಅವರೇ. ಸಂಜೆ ಒಲೆಯ ಪಕ್ಕ ಕೂತು ನೊಣ ಕಟ್ಟುತ್ತಾರೆ. ಒಂದು ಚಳಿಗಾಲಕ್ಕೆ ನಾನೂರು. ಉಣ್ಣೆ ಈ ಬಯಲಿನ ಬೂದು ಕುರಿಯದು. ಹೆಂಡತಿ ಹಾನ್ನ ಕುರಿ ಸಾಕುವ ಮನೆಯ ಮಗಳು. "ನಮ್ಮ ಮದುವೆಗೆ ಅಪ್ಪ ಕೊಟ್ಟದ್ದು ಎರಡು ಕುರಿ. ಇವನು ಅವನ್ನು ನೊಣ ಮಾಡಿ ಹಾರಿಸಿಬಿಟ್ಟ" ಎಂದು ಆಕೆ ಜರ್ಮನ್ನಿನಲ್ಲಿ ಹೇಳಿ ನಗುತ್ತಾರೆ.

ಹೆರಿಯರ ಹುಟ್ಟೂರು ಕುಂದಾಪುರದ ಕೋಡಿ. ಅಜ್ಜ ದೋಣಿಯ ತಲೆಯಾಳು. ಸಮುದ್ರದ ನಡುವೆ ದೋಣಿ ನಿಲ್ಲಿಸಿ, ಹುಟ್ಟನ್ನು ನೀರಿಗಿಳಿಸಿ, ಹಿಡಿಯ ತುದಿಗೆ ಕಿವಿ ಇಡುತ್ತಿದ್ದರಂತೆ. ಅಡಿಯಲ್ಲಿ ಗೊರಗೊರ ಎನ್ನುವ ಮೀನಿನ ಹಿಂಡು ಯಾವ ದಿಕ್ಕಿಗಿದೆ ಎಂದು ಹೇಳುತ್ತಿದ್ದರಂತೆ. "ಅಜ್ಜ ಬಲಗೈ ಎತ್ರೆ ಬಲಕ್ಕ್ ಬಲೆ, ಎಡಗೈ ಎತ್ರೆ ಎಡಕ್ಕ್. ಬಾಯ್ ಬಿಟ್ಟ್ ಮಾತಾಡೂಕಿಲ್ಲೆ. ಮಾತಾಡ್ರೆ ಮೀನ್ ಹೋಯ್ತ್," ಎನ್ನುತ್ತಾರೆ ಹೆರಿಯರು. ಆ ಅಭ್ಯಾಸ ಇಂದಿಗೂ ಹೋಗಿಲ್ಲ. ಹೊಳೆಯ ಹತ್ತಿರ ಅವರ ಮಾತು ಬಹಳ ಕಡಿಮೆ.

ಸಾವಿರದೊಂಬೈನೂರ ಐವತ್ತೊಂಬತ್ತರಲ್ಲಿ ಸರಕು ಹಡಗಿನ ಕೆಲಸದಾಳಾಗಿ ಹ್ಯಾಂಬರ್ಗಿಗೆ ಬಂದರು. ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಡಗು ಹೊರಟುಹೋಯಿತು. ವಾಸಿಯಾದ ಮೇಲೆ ಬಂದರಿನಲ್ಲಿ ಮೂಟೆ ಹೊತ್ತರು. ಅರವತ್ತೆರಡರ ಫೆಬ್ರುವರಿಯಲ್ಲಿ ಹ್ಯಾಂಬರ್ಗಿಗೆ ಸಮುದ್ರ ನುಗ್ಗಿತಲ್ಲ, ಆಗ ಬಾಡಿಗೆ ಕೋಣೆಯೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರಾಗಿದ್ದ ಮುದುಕ ವಿಲ್ಹೆಲ್ಮ್ ಆಗ ಈ ಹೊಳೆಯ ಕಾವಲುಗಾರ. "ನನ್ನ ಮಂಡಿ ಹೋಗಿದೆ, ನಿನಗೆ ನೀರು ಗೊತ್ತು, ಬಾ" ಎಂದು ಕಾಗದ ಬರೆಸಿದರು.

ನೀರು ಗೊತ್ತಿತ್ತು. ಆದರೆ ಯಾವ ನೀರು?

ಮೊದಲ ಚಳಿಗಾಲ, ಒಬ್ಬರೇ ನಡೆಯುತ್ತಿದ್ದಾಗ, ಮೇಲಿನ ಎರಡು ತಿರುವುಗಳಲ್ಲಿ ಹೊಳೆಯ ತಳ ಕೆದರಿದ್ದು ಕಂಡಿತು. ಪಾಚಿ ಹಿಡಿದ ಕಪ್ಪು ಕಲ್ಲುಗಳ ನಡುವೆ ಚಾಪೆಯಷ್ಟಗಲ ಬೆಳ್ಳಗೆ, ಒಂದು ಗುಂಡಿ, ಗುಂಡಿಯ ಹಿಂದೆ ಒಂದು ದಿಬ್ಬ. ಯಾರೋ ಸದಸ್ಯರು ಬೂಟುಗಾಲಿನಲ್ಲಿ ಹಾಳು ಮಾಡಿದ್ದಾರೆ, ಹೊಸ ಕಾವಲುಗಾರನ ಮೇಲೆ ದೂರು ಬರುತ್ತದೆ ಎಂದು ಹೆದರಿದರು. ಕಬ್ಬಿಣದ ಹಲ್ಲಿನ ಕೋಲು ತಂದು ನೀರಿಗಿಳಿದು ಎಲ್ಲವನ್ನೂ ಗೋರಿ ಮಟ್ಟ ಮಾಡಿದರು. ಮೂರು ದಿನದ ಕೆಲಸ. ಚೊಕ್ಕ ಮಾಡಿದೆ ಎಂದು ಖುಷಿಯೂ ಆಗಿತ್ತಂತೆ.

ಏಪ್ರಿಲಿನಲ್ಲಿ ವಿಲ್ಹೆಲ್ಮ್ ಕುಂಟುತ್ತ ನೋಡಲು ಬಂದರು. "ಈ ಸಲ ಗೂಡು ಎಷ್ಟು ಎಣಿಸಿದೆ?" ಎಂದರು. ಯಾವ ಗೂಡು ಎಂದು ಹೆರಿಯರು ಕೇಳಿದರು. ಕೆಂಪು ಚುಕ್ಕೆಯ ಹೆಣ್ಣು ಮೀನು ಪಕ್ಕಕ್ಕೆ ಮಲಗಿ ಬಾಲ ಬಡಿದು ಕಲ್ಲು ತೋಡುತ್ತದೆ, ಮೊಟ್ಟೆ ಇಟ್ಟು ಮೇಲೆ ಕಲ್ಲು ಮುಚ್ಚುತ್ತದೆ, ಹೊರಳಿದ ಕಲ್ಲು ಬೆಳ್ಳಗೆ ಕಾಣುತ್ತದೆ ಎಂದು ಮುದುಕರು ಕೈ ಆಡಿಸಿ ತೋರಿಸಿದರು.

"ನಮ್ಮ ಸಮುದ್ರದಲ್ಲ್ ಮೀನ್ ಗೂಡ್ ಕಟ್ಟತ್ತಾ? ಮೊಟ್ಟೆ ನೀರಿಗ್ ಬಿಟ್ಟ್ ಹೋತ್ತ್. ಹೊಳಿ ಮೀನ್ ಕಲ್ಲ್ ಹೊತ್ತ್ ಮನಿ ಕಟ್ಟತ್ತ್ ಅಂದೇಳಿ ನಂಗೆ ಯಾರ್ ಹೇಳಿದ್ರ್? ಅವತ್ತ್ ರಾತ್ರಿ ಊಟ ಸೇರ್ಲಿಲ್ಲೆ, ಮಾರಾಯ್ರೆ. ವಿಲ್ಹೆಲ್ಮಜ್ಜನ ಹತ್ರ ಹೇಳೂಕೂ ಬಾಯಿ ಬರ್ಲಿಲ್ಲೆ. ಅವ್ರ್ ಸತ್ತೇ ಹೋದ್ರ್."

ಮರುವರ್ಷ ಆ ತಿರುವುಗಳಲ್ಲಿ ಬೆರಳುದ್ದದ ಒಂದು ಮರಿಯೂ ಇರಲಿಲ್ಲ.

ಅಂದಿನಿಂದ ಅವರದು ಒಂದೇ ಬೇಡಿಕೆ. ನವೆಂಬರಿನಿಂದ ಮಾರ್ಚ್ ಮುಗಿಯುವವರೆಗೆ ಆ ಎರಡೂ ಅವುಗಳ ಕೆಳಗಿನದೂ ಸೇರಿ ಮೂರು ತಿರುವುಗಳಲ್ಲಿ ಯಾರೂ ನೀರಿಗೆ ಇಳಿಯಬಾರದು. ಒಂದು ಹೆಜ್ಜೆ ಬಿದ್ದರೆ ನೂರಾರು ಮೊಟ್ಟೆ ಒಡೆಯುತ್ತವೆ. ಆದರೆ ಒರತೆ ಹೆಚ್ಚಿರುವುದು ಅಲ್ಲಿಯೇ, ಪಟ್ಟೆಯ ಟ್ರೌಟ್ ಸೇರುವುದೂ ಅಲ್ಲಿಯೇ. ಸದಸ್ಯರು ಒಪ್ಪಲಿಲ್ಲ. ಮೂರನೇ ತಿರುವಂತೂ ಆಳ, ಚಹಾದ ಬಣ್ಣದ ನೀರು. ತಳ ಕಾಣುವುದೇ ಇಲ್ಲ. "ಅಲ್ಲಿ ಗೂಡಿದೆ ಎಂದು ಹೇಗೆ ಹೇಳ್ತೀಯ?" ಎಂದರೆ ಹೆರಿಯರು ಕೋಲು ತೋರಿಸುತ್ತಿದ್ದರು. ಸಭೆ ನಗುತ್ತಿತ್ತು.

ಸಭೆಯಲ್ಲಿ ಅವರ ಪರವಾಗಿ ಮಾತಾಡುತ್ತಿದ್ದವರು ಡಾ. ಅನಂತಕೃಷ್ಣ, ಹ್ಯಾಂಬರ್ಗಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರು, ಮೈಸೂರಿನವರು. ಸಂಘದ ಸದಸ್ಯರೂ ಹೌದು; ಹತ್ತು ವರ್ಷದಲ್ಲಿ ಹಿಡಿದದ್ದು ನಾಲ್ಕು ಮೀನು.

"ಹೆರಿಯಣ್ಣ, ಸಂಘದ ಮೀಟಿಂಗಲ್ಲಿ ಕೋಲು, ಕಿವಿ ಅಂದ್ರೆ ಎವಿಡೆನ್ಸ್ ಆಗಲ್ಲ ರೀ. ಎಲ್ಲಾ ನನ್ ಮುಖ ನೋಡ್ತಾರೆ," ಎಂದು ಅವರು ನನ್ನ ಎದುರೇ ಗೊಣಗಿದರು.

"ನಿಮ್ಮ ಮುಖ ಕಂಡೇ ಮೀನೂ ಓಡೂದ್, ಡಾಕ್ಟ್ರೆ," ಎಂದರು ಹೆರಿಯರು.

"ನೋಡಿ, ಇವ್ರಿಗೋಸ್ಕರ ಮಾತಾಡಿದ್ದಕ್ಕೆ ಇದು ಥ್ಯಾಂಕ್ಸು!"

ಎರಡು ಸಲ ಬಿದ್ದುಹೋದ ಆ ಬೇಡಿಕೆ ಹೋದ ಡಿಸೆಂಬರಿನಲ್ಲಿ, ಎಪ್ಪತ್ತಮೂರರ ಕೊನೆಗೆ, ಮೂರನೇ ಸಲ ಸಭೆಗೆ ಬರುವುದಿತ್ತು. ಈ ಸಲವೂ ಬಿದ್ದರೆ ಮತ್ತೆ ಎತ್ತುವ ಹಾಗಿಲ್ಲ, ಸಂಘದ ನಿಯಮ. ಅದೇ ದಿನಗಳಲ್ಲಿ ದೇಶಕ್ಕೆ ಪೆಟ್ರೋಲು ಎಣ್ಣೆಯ ಅಭಾವ. ಭಾನುವಾರ ಯಾರೂ ಕಾರು ಓಡಿಸಬಾರದು ಎಂದು ಸರ್ಕಾರದ ಅಪ್ಪಣೆ. ಹೊಳೆಯ ಪಕ್ಕದ ಹೆದ್ದಾರಿ ಒಮ್ಮೆಲೇ ಮಲಗಿತು. ಮಕ್ಕಳು ಅದರ ಮೇಲೆ ಚಕ್ರದ ಬೂಟು ಕಟ್ಟಿಕೊಂಡು ಆಡಿದರು. ಒಂದು ಕುದುರೆಗಾಡಿ ಹೋಯಿತು, ಅದರ ಸದ್ದು ಬಯಲಿನಲ್ಲಿ ಬಹಳ ಹೊತ್ತು ಉಳಿಯಿತು.

ಅಂಥ ಒಂದು ಭಾನುವಾರ ಸಂಘದ ಅಧ್ಯಕ್ಷ ಲ್ಯೂಡರ್ಸ್ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ನಡೆದು, ನೇರ ಮೂರನೇ ತಿರುವಿಗೆ ಬಂದರು. ಔಷಧಿ ಅಂಗಡಿಯವರು, ಅರವತ್ತು ದಾಟಿದವರು, ಮಾತು ಕಡಿಮೆ. ಎದೆಯವರೆಗಿನ ರಬ್ಬರು ಬೂಟು ಹಾಕಿಕೊಂಡು ಒಂದು ಕಾಲು ನೀರಿಗೆ ಇಟ್ಟಿದ್ದರು. ಹೆರಿಯರು ದಂಡೆಯ ಮೇಲೆ ಹತ್ತಿರ ಹೋಗಿ ನಿಂತರು. ತಡೆಯುವ ಹಕ್ಕು ಅವರಿಗಿಲ್ಲ. ಆಗ ಹನ್ನೊಂದು ವರ್ಷ ಬಾಯಿಗೆ ಬಾರದ್ದು ಬಂತು.

"ಗೂಡೆಲ್ಲ ಗೋರಿ ಹಾಕಿದ್ದ್ ನಾನೇ, ಲ್ಯೂಡರ್ಸರೆ, ಅರವತ್ತೆರಡ್ರಲ್ಲ್ ಅಂದೇಳಿ ಹೇಳ್ದೆ. ಜರ್ಮನ್ ತಪ್ಪ್ ತಪ್ಪೇ ಬಂತ್. ಕೆಲ್ಸ ಹೋರೂ ಹೋಯ್ಲಿ ಅಂದ್ಕಂಡೆ. ಹೇಳಿ, ಕೋಲ್ ಅವ್ರ್ ಕೈಗ್ ಕೊಟ್ಟೆ."

ಲ್ಯೂಡರ್ಸ್ ಟೋಪಿ ತೆಗೆದರು. ಕೋಲಿನ ತುದಿಗೆ ಕಿವಿ ಇಟ್ಟರು. ಮೊದಲು ಬರೀ ನೀರಿನ ಉಸಿರು. ಆಮೇಲೆ, ಬಹಳ ಕೆಳಗಿನಿಂದ, ಟಕ್. ಮತ್ತೆ ಟಕ್ ಟಕ್. ಅಡುಗೆಮನೆಯಲ್ಲಿ ಯಾರೋ ಮೆಲ್ಲಗೆ ಪಾತ್ರೆ ಜೋಡಿಸಿದಂತೆ. ಒಂದು ಮೀನು ಕಲ್ಲು ತೋಡುತ್ತಿತ್ತು. ಅವರು ಅರ್ಧ ಗಂಟೆ ಹಾಗೆಯೇ ನಿಂತಿದ್ದರಂತೆ. ಆಮೇಲೆ ನೀರಿನಿಂದ ಕಾಲು ತೆಗೆದು, ಗಾಳದ ಕಡ್ಡಿ ಬಿಚ್ಚಿ ಚೀಲಕ್ಕೆ ಹಾಕಿ, "ಯಾವ ರೈಲು ಇದೆ ಈಗ?" ಎಂದಷ್ಟೇ ಕೇಳಿದರು.

ಸಭೆಯಲ್ಲಿ ಲ್ಯೂಡರ್ಸ್ ಮಾತಾಡಿದರು, ಡಾಕ್ಟರೂ ಮಾತಾಡಿದರು. ಮೊದಲ ಎರಡು ತಿರುವು ಮುಚ್ಚಿತು, ಇಳಿಯಬಾರದು ಎಂಬ ಬೋರ್ಡು ಬಿತ್ತು. ಅಲ್ಲಿ ಬೆಳ್ಳಗಿನ ಗೂಡು ಎಲ್ಲರಿಗೂ ಕಾಣುತ್ತದೆ. ಮೂರನೆಯದು ಎರಡು ಮತದಿಂದ ಬಿದ್ದಿತು. ಕಣ್ಣಿಗೆ ಕಂಡದ್ದಕ್ಕೆ ಬೋರ್ಡು ಸಿಕ್ಕಿತು, ಕಿವಿಗೆ ಕೇಳಿದ್ದಕ್ಕೆ ಸಿಗಲಿಲ್ಲ. ಹೆರಿಯರು ತಮ್ಮ ತಪ್ಪನ್ನು ಸಭೆಗೂ ಹೇಳಿದರು. ಕೆಲಸ ಹೋಗಲಿಲ್ಲ.

ಅದಕ್ಕೇ ಈ ಜನವರಿಯ ಬೆಳಗಿನಲ್ಲಿ ಅವರು ಇಲ್ಲಿ, ಮೂರನೇ ತಿರುವಿನಲ್ಲಿ, ನಿಂತಿರುವುದು. ಯಾರಾದರೂ ಬಂದರೆ ಬೇಡ ಎನ್ನುವಂತಿಲ್ಲ. ಸುಮ್ಮನೆ ಕೋಲು ಚಾಚುತ್ತಾರೆ. ಕೆಲವರು ನಗುತ್ತಾರೆ. ಈಗ ಕೋಲಿನಲ್ಲಿ ಸದ್ದೂ ಇಲ್ಲ. ಆದರೂ ಕಿವಿ ಇಟ್ಟವರು ಯಾಕೋ ನೀರಿಗೆ ಇಳಿಯುವುದಿಲ್ಲ, ಕೆಳಗಿನ ತಿರುವಿಗೆ ಹೋಗುತ್ತಾರೆ. ಇಲ್ಲಿಯವರೆಗೆ ಹದಿನಾಲ್ಕು ಜನ.

ಈ ಜನವರಿಯಿಂದ ಭಾನುವಾರ ಮಾತ್ರ ಹೆರಿಯರಿಗೆ ರಜೆ. ಆ ದಿನ ಮೂರನೇ ತಿರುವಿನಲ್ಲಿ ಟೋಪಿ ತೆಗೆದು, ಕೋಲು ಹಿಡಿದು, ಗಾಳವಿಲ್ಲದೆ ನಿಲ್ಲುವವರು ಔಷಧಿ ಅಂಗಡಿಯ ಲ್ಯೂಡರ್ಸ್.

ಹೊರಡುವಾಗ ಕೇಳುತ್ತೇನೆ, ನಿಮ್ಮ ಬಗ್ಗೆ ಏನು ಬರೆಯಲಿ? ಹೆರಿಯರು ಕೋಲನ್ನು ನೀರಿನಿಂದ ಮೆಲ್ಲಗೆ ಎತ್ತುತ್ತಾರೆ. ತುದಿಯಿಂದ ಹನಿ ಬೀಳುತ್ತದೆ, ಉಳಿದದ್ದು ತುದಿಯಲ್ಲೇ ಹರಳಾಗುತ್ತದೆ.

"ಹಾಳ್ ಮಾಡ್ದವ ಅಂದೇಳಿ ಬರೀರಿ, ಅದ್ ಖರೆ. ಕಾದವ ಅಂದೇಳಿ ಈಗ್ಲೇ ಬರೀಬೇಡಿ. ಮಾರ್ಚಿಗೆ ಬನ್ನಿ. ಮರಿ ಎದ್ದದ್ದ್ ಕಂಡ್ರೆ, ಆವಾಗ ಬರೀಲಕ್ಕ್."